ಒಂಬತ್ತು ಅಡಿ ದೂರದ 4ಕೆ ಪರದೆ: ಮೂರು ವರ್ಷಗಳ ಬಳಕೆಯ ನಂತರ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಗೆ 43 ಇಂಚಿನ 4ಕೆ ಟಿವಿ ಬಂದು ಮೂರು ವರ್ಷಗಳಾದವು. ಹುಬ್ಬಳ್ಳಿಯ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಅಷ್ಟೇ ಅಳತೆಯ ಫುಲ್ ಎಚ್‌ಡಿ ಟಿವಿಯೂ ಇತ್ತು. ಎರಡು ಅಡಿ ದೂರದಲ್ಲಿ ನಿಂತು ಕಂಡ ವ್ಯತ್ಯಾಸವನ್ನು ನಂಬಿ ಹೆಚ್ಚು ಹಣ ಕೊಟ್ಟೆ. ಟಿವಿ ಇದುವರೆಗೆ ಒಮ್ಮೆಯೂ ರಿಪೇರಿಗೆ ಹೋಗಿಲ್ಲ. ಆದರೆ ನಮ್ಮ ಪಡಸಾಲೆಯಲ್ಲಿ ಸೋಫಾಕ್ಕೂ ಪರದೆಗೂ ನಡುವೆ ಒಂಬತ್ತು ಅಡಿ ಅಂತರವಿರುವುದನ್ನು ಅಂದು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

4ಕೆ ಪರದೆಯಲ್ಲಿ ಅಡ್ಡ 3840, ಉದ್ದ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ಮೂಡಿಸುವ ಪುಟ್ಟ ಚುಕ್ಕೆಗಳು, ಇರುತ್ತವೆ. ಫುಲ್ ಎಚ್‌ಡಿಯಲ್ಲಿರುವುದು ಅದರ ಕಾಲು ಭಾಗ. ಆದರೂ 43 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರಿನಷ್ಟೇ ಅಗಲವಿರುವುದರಿಂದ, ಸಾಮಾನ್ಯ ದೃಷ್ಟಿಯುಳ್ಳವರಿಗೆ ಅದು ಬಿಡಿಯಾಗಿ ಕಾಣುವುದು ಸುಮಾರು ಐದೂವರೆ ಅಡಿಯೊಳಗೆ ಕುಳಿತಾಗ ಮಾತ್ರ. ಅದಕ್ಕಿಂತ ಹಿಂದೆ ಸರಿದರೆ 4ಕೆಯ ಹೆಚ್ಚುವರಿ ಪಿಕ್ಸೆಲ್‌ಗಳನ್ನು ಕಣ್ಣು ಗ್ರಹಿಸುವುದಿಲ್ಲ.

ಇದು ನನಗೆ ಮನದಟ್ಟಾದದ್ದು ಅವ್ವನ ಇಳಕಲ್ ಸೀರೆಯ ಕಸೂತಿಯಿಂದ. ಸೆರಗಿನ ಫೋಟೋವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಮೂರು ಅಡಿ ದೂರದಿಂದ ನೋಡಿದಾಗ ಗವಂತಿ ಹೊಲಿಗೆಯ ಗೆರೆ, ಮುರ್ಗಿ ಹೊಲಿಗೆಯ ಮೆಟ್ಟಿಲು, ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಂಡಿತು. ಅವ್ವ ಎದ್ದು ಬಂದು ಪರದೆಯ ಮೇಲೆಯೇ ಬೆರಳಿಟ್ಟು, ತಾನು ಎಲ್ಲಿ ಒಂದು ಹೊಲಿಗೆ ತಪ್ಪಿದ್ದೆನೆಂದು ತೋರಿಸಿದಳು. ಸೋಫಾಕ್ಕೆ ಮರಳಿ ಕುಳಿತಾಗ ಅದೇ ಸೆರಗು ನಮ್ಮ ಹಳೆಯ ಫುಲ್ ಎಚ್‌ಡಿ ಟಿವಿಯಲ್ಲಿ ಕಾಣುತ್ತಿದ್ದಂತೆಯೇ ಕಂಡಿತು.

ದಿನನಿತ್ಯ ನಾವು ನೋಡುವುದು ಡಿಡಿ ಫ್ರೀ ಡಿಶ್‌ನ ಚಂದನ ವಾಹಿನಿ. ಅದು ನಮಗೆ ಬರುವುದು ಎಸ್‌ಡಿಯಲ್ಲಿ, ಅಂದರೆ ಎಚ್‌ಡಿಗಿಂತ ಕಡಿಮೆ ವಿವರದ ಹಳೆಯ ಬಗೆಯ ಪ್ರಸಾರದಲ್ಲಿ; ಅದರ ಚಿತ್ರ ಹೆಚ್ಚೆಂದರೆ ಅಡ್ಡ 720, ಉದ್ದ 576 ಪಿಕ್ಸೆಲ್‌ಗಳದ್ದು. ಅದರ ಒಂದು ಪಿಕ್ಸೆಲ್‌ನಿಂದ ಟಿವಿ ಇಪ್ಪತ್ತು ಪಿಕ್ಸೆಲ್‌ಗಳನ್ನು ತುಂಬಿಸಬೇಕಾಗುತ್ತದೆ. ಮೂಲದಲ್ಲಿ ಇಲ್ಲದ ವಿವರವನ್ನು ಯಾವ ಪರದೆಯೂ ತಂದುಕೊಡಲಾರದು, ಆದ್ದರಿಂದ ಮುಖಗಳು ಮಸುಕಾಗಿಯೇ ಉಳಿಯುತ್ತವೆ.

ಅವ್ವನ ಕೋಣೆಗೆ ಮತ್ತೊಂದು ಟಿವಿ ಬೇಕಾದಾಗ ಮೊದಲು ಟೇಪು ಹಿಡಿದೆ. ಮಂಚದಿಂದ ಗೋಡೆಗೆ ಹತ್ತು ಅಡಿ ಇತ್ತು. 1366 ಮತ್ತು 768 ಪಿಕ್ಸೆಲ್‌ಗಳ, 32 ಇಂಚಿನ ಎಚ್‌ಡಿ ರೆಡಿ ಟಿವಿಯನ್ನೇ ತಂದು, ಉಳಿದ ಹಣದಲ್ಲಿ ಸೌಂಡ್‌ಬಾರ್ ಕೊಂಡೆ. ಅವ್ವನಿಗೆ ಈಗ ವಾರ್ತೆಯ ಮಾತುಗಳು ಸ್ಪಷ್ಟವಾಗಿ ಕೇಳಿಸುತ್ತಿವೆ.