ಎಸ್‌ಇಸಿಆರ್: ಹುಲಿ ಲೆಕ್ಕದ ಹೆಚ್ಚು-ಕಮ್ಮಿಯನ್ನೂ ಹೇಳುವ ತಂತ್ರಾಂಶ

2022ರ ಹುಲಿ ಗಣತಿಯಲ್ಲಿ ಕರ್ನಾಟಕಕ್ಕೆ 563, ಉತ್ತರಾಖಂಡಕ್ಕೆ 560. ಮೂರೇ ಹುಲಿಯ ಅಂತರದ ಮೇಲೆ ಎರಡನೇ ಸ್ಥಾನ, ಮೂರನೇ ಸ್ಥಾನ ಎಂದು ಸುದ್ದಿಯಾಯಿತು. ಇಡೀ ದೇಶದ ಹುಲಿಗಳ ಸರಾಸರಿ ಅಂದಾಜು 3,682ರ ಪಕ್ಕದಲ್ಲೇ 3,925 ಎಂಬ ಮೇಲ್ಮಿತಿಯೂ ಇತ್ತು. ಅದರ ಮಾತು ಕೇಳಿಬಂದದ್ದು ಕಡಿಮೆ. ಮರ್ರೆ ಎಫರ್ಡ್ ಬರೆದ ಎಸ್‌ಇಸಿಆರ್ (ಸ್ಪೇಷಿಯಲಿ ಎಕ್ಸ್‌ಪ್ಲಿಸಿಟ್ ಕ್ಯಾಪ್ಚರ್-ರೀಕ್ಯಾಪ್ಚರ್, ಅಂದರೆ ಯಾವ ಪ್ರಾಣಿ ಎಲ್ಲೆಲ್ಲಿ ಮತ್ತೆ ಮತ್ತೆ ಸಿಕ್ಕಿತು ಎಂಬುದರಿಂದ ಲೆಕ್ಕ ಹಾಕುವ ವಿಧಾನ) ಪ್ಯಾಕೇಜ್ ನಮಗೆ ಮೆಚ್ಚುಗೆಯಾಗುವುದು ಇಲ್ಲೇ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಸಾಂದ್ರತೆ ಅಂದಾಜಿಸುವಾಗ ಕೆಳಮಿತಿ, ಮೇಲ್ಮಿತಿಗಳನ್ನೂ ಅದೇ ಸಾಲಿನಲ್ಲಿ ಕೊಡುತ್ತದೆ. ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಓಡುತ್ತದೆ, ದುಡ್ಡು ಕೊಡಬೇಕಿಲ್ಲ.

ಬೇಕಾಗುವುದು ಎರಡು ಫೈಲು. ಮೊದಲನೆಯದರಲ್ಲಿ ಕ್ಯಾಮೆರಾಗಳ ಜಾಗ, ಮೀಟರ್ ಲೆಕ್ಕದಲ್ಲಿ. ಅಕ್ಷಾಂಶ-ರೇಖಾಂಶವನ್ನು ಹಾಗೇ ತುಂಬಬೇಡಿ. ಅದನ್ನು ಯುಟಿಎಂಗೆ, ಅಂದರೆ ಜಾಗವನ್ನು ಮೀಟರಿನಲ್ಲಿ ಹೇಳುವ ನಕ್ಷೆ ಪದ್ಧತಿಗೆ, ಬದಲಿಸಿ; ಬಂಡೀಪುರ, ನಾಗರಹೊಳೆಗೆ 43ನೇ ವಲಯ. ಪ್ರತಿ ದಿನಕ್ಕೂ, ಕ್ಯಾಮೆರಾ ಕೆಲಸ ಮಾಡಿದ್ದರೆ 1, ಇಲ್ಲದಿದ್ದರೆ 0 ಬರೆಯಿರಿ. ಆನೆ ಕಿತ್ತೆಸೆದ, ಬ್ಯಾಟರಿ ಮುಗಿದ ದಿನಕ್ಕೆ 0 ಹಾಕದಿದ್ದರೆ ಆ ದಿನ ಹುಲಿ ಬರಲೇ ಇಲ್ಲ ಎಂದು ತಂತ್ರಾಂಶ ಓದಿಕೊಳ್ಳುತ್ತದೆ. ಎರಡನೆಯದರಲ್ಲಿ ಯಾವ ಹುಲಿ, ಯಾವ ದಿನ, ಯಾವ ಕ್ಯಾಮೆರಾ. ಹುಲಿಯ ಎಡಮೈ ಪಟ್ಟೆ ಬಲಮೈಯಂತಿರುವುದಿಲ್ಲ. ದಾರಿಯ ಎರಡೂ ಬದಿ ಕ್ಯಾಮೆರಾ ಇಲ್ಲದಿದ್ದರೆ ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಸೇರಿಬಿಡಬಹುದು.

ಹೊಸಬರು ಎಡವುವುದು ಬಫರ್‌ನಲ್ಲಿ. ಕ್ಯಾಮೆರಾ ಜಾಲದಿಂದ ಎಷ್ಟು ದೂರ ನೆಲೆಯಿರುವ ಹುಲಿವರೆಗೆ ಲೆಕ್ಕ ಹಿಡಿಯಬೇಕು ಎಂಬ ಅಂಚು ಅದು. ಹೇಳದೇ ಬಿಟ್ಟರೆ 100 ಮೀಟರ್ ಎಂದುಕೊಂಡು, ಒಂದು ಸಾಲಿನ ಎಚ್ಚರಿಕೆಯೊಂದಿಗೆ ಉತ್ತರ ಕೊಟ್ಟೇಬಿಡುತ್ತದೆ. ಇಲಿಗಾದರೆ ಸರಿ. ಹುಲಿಯಲ್ಲಿ, ದೂರ ನೆಲೆಯಿರುವವನ್ನೂ ಜಾಲದೊಳಗೇ ತುರುಕಿದಂತಾಗಿ ಸಾಂದ್ರತೆ ಉಬ್ಬುತ್ತದೆ. ಸಿಗ್ಮಾದ (ಹುಲಿ ತನ್ನ ನೆಲೆಯಿಂದ ಎಷ್ಟು ದೂರ ಓಡಾಡುತ್ತದೆ ಎಂಬುದಕ್ಕೆ ತಂತ್ರಾಂಶ ಕೊಡುವ ಅಳತೆ) ನಾಲ್ಕು ಪಟ್ಟು ಇಡಿ: ಸಿಗ್ಮಾ 2,500 ಮೀಟರ್ ಬಂದರೆ ಬಫರ್ 10,000. ಇನ್ನೂ ಹೆಚ್ಚಿಸಿ ನೋಡಿದಾಗ ಸಾಂದ್ರತೆ ಅಲುಗದಿದ್ದರೆ ಸಾಕಷ್ಟಿದೆ ಎಂದರ್ಥ. ಕಬಿನಿ ಹಿನ್ನೀರು, ಕಾಡಂಚಿನ ಹೊಲಗಳನ್ನು ಮಾಸ್ಕ್‌ನಿಂದ, ಅಂದರೆ ಹುಲಿ ನೆಲೆಸಬಹುದಾದ ಜಾಗವನ್ನು ತೋರಿಸುವ ಬಿಂದುಗಳ ಜಾಲದಿಂದ, ಕತ್ತರಿಸಿ ತೆಗೆಯಿರಿ. ಉತ್ತರ ಬರುವುದು ಹೆಕ್ಟೇರಿಗೆ, 0.001 ಎಂದರೆ 100 ಚದರ ಕಿ.ಮೀ.ಗೆ 10 ಹುಲಿ.

ಈಗ ಆ ಮಿತಿಗಳನ್ನು ನೋಡಿ. ಗುರುತಿಸಿದ ಹುಲಿಗಳು, ಅವು ಮತ್ತೆ ಸಿಕ್ಕ ಸಲಗಳು. ಎರಡರಲ್ಲಿ ಚಿಕ್ಕ ಸಂಖ್ಯೆಯ ವರ್ಗಮೂಲದಿಂದ 1ನ್ನು ಭಾಗಿಸಿದರೆ ದೋಷದ ಅಂದಾಜು ಸಿಗುತ್ತದೆ. 16 ಹುಲಿ, 40 ಮರುಸೆರೆ ಇದ್ದರೆ ಸುಮಾರು ಶೇ 25. ಅಂದರೆ ಆ 10 ಹುಲಿ 6ರಿಂದ 16ರ ನಡುವೆ ಎಲ್ಲಿಯಾದರೂ ಇರಬಹುದು. ಮುಂದಿನ ವರ್ಷ 9 ಬಂದರೆ ‘ಇಳಿದಿದೆ’ ಎನ್ನಲು ಆಧಾರವಿಲ್ಲ, ‘ಹಾಗೇ ಇದೆ’ ಎನ್ನಲೂ ಇಲ್ಲ. ಹುಲಿ ಹಾಗೇ ಇದೆ ಎಂದು ಕಳ್ಳಬೇಟೆ ತಡೆ ಶಿಬಿರ ಕಡಿಮೆ ಮಾಡಲು ಇಂಥ ಲೆಕ್ಕವನ್ನು ತೋರಿಸುವುದು ತಪ್ಪು. ಅಲ್ಲಿ ಕೆಳಮಿತಿ 6ನ್ನೇ ಹಿಡಿದು ನಿರ್ಧರಿಸಬೇಕು.

ಕೊರತೆಗಳಿವೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಅಚ್ಚುಕಟ್ಟಾಗಿದ್ದರೂ ಗಡುಸು. ಮಾಸ್ಕ್ ಬಿಂದುಗಳು ಒತ್ತಾದರೆ ತುಂಬಾ ನಿಧಾನ, ಅಂತರ ಹೆಚ್ಚಿಸಿ. ಜೊತೆಗಿನ ಎಸ್‌ಇಸಿಆರ್‌ಡಿಸೈನ್ ಪ್ಯಾಕೇಜನ್ನು ಕಾಡಿಗೆ ಹೋಗುವ ಮೊದಲೇ ಓಡಿಸಿ. ಕೈಯಲ್ಲಿರುವ ಕ್ಯಾಮೆರಾಗಳಿಂದ, 45 ದಿನದಲ್ಲಿ, ದೋಷ ಶೇ 20ಕ್ಕೆ ಇಳಿಯುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ.