ಹೊಸ ಕಾಯಿಲೆ ಪತ್ತೆಯಾಯಿತು, ಕೇರ್ ಪ್ಲಾನ್ ಮಾತ್ರ ಹಳೆಯದೇ ಇತ್ತು

ಅಮೆರಿಕದಲ್ಲಿ ಅಪ್ಪ-ಅಮ್ಮನನ್ನೋ ಅತ್ತೆ-ಮಾವನನ್ನೋ ನರ್ಸಿಂಗ್ ಹೋಮಿಗೆ ಸೇರಿಸಿರುವವರು ದಯವಿಟ್ಟು ಓದಿ. ಡಾಕ್ಟರು ಹೊಸ ಕಾಯಿಲೆಯ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟ ಮೇಲೆ ಉಳಿದದ್ದನ್ನೆಲ್ಲ ಅಲ್ಲಿಯವರೇ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರಬೇಡಿ. ನಮ್ಮ ಮಾವನ ವಿಷಯದಲ್ಲಿ ಬದಲಾದದ್ದು ಔಷಧಿ ಪಟ್ಟಿಯೊಂದೇ.

ಮಾವನಿಗೆ ಕೈನಡುಕ ಮೊದಲೇ ಇತ್ತು. ನಡಿಗೆ ನಿಧಾನವಾಗುತ್ತಾ ಬಂದಾಗ ನ್ಯೂರಾಲಜಿಸ್ಟ್ ನೋಡಿ, ಪಾರ್ಕಿನ್ಸನ್ ಎಂದು ಹೇಳಿ, ಕಾರ್ಬಿಡೋಪಾ-ಲೆವೊಡೋಪಾ ಎಂಬ ಮಾತ್ರೆ ಶುರು ಮಾಡಿದರು. ಕಾಗದ ನರ್ಸಿಂಗ್ ಹೋಮಿಗೆ ಹೋಯಿತು, ಮಾತ್ರೆಯೂ ಬಂತು. ಆದರೆ ಎಬ್ಬಿಸುವವರು, ಸ್ನಾನ ಮಾಡಿಸುವವರು, ತಿನ್ನಿಸುವವರು ಡಾಕ್ಟರ ಕಾಗದ ಓದುವುದಿಲ್ಲ. ಆ ಏಯ್ಡ್‌ಗಳ ಕೈಯಲ್ಲಿರುವುದು ಕೇರ್ ಪ್ಲಾನಿನಿಂದ, ಅಂದರೆ ಯಾರಿಗೆ ಯಾವ ಆರೈಕೆ ಹೇಗೆ ಮಾಡಬೇಕೆಂದು ಬರೆದಿಟ್ಟ ಯೋಜನೆಯಿಂದ, ಇಳಿಸಿಕೊಂಡ ಒಂದು ಚಿಕ್ಕ ಹಾಳೆ. ಅದರಲ್ಲಿ ಮಾವನ ಬಗ್ಗೆ ‘ಸ್ವತಂತ್ರವಾಗಿ ನಡೆಯುತ್ತಾರೆ, ಮಾಮೂಲಿ ಊಟ’ ಎಂದೇ ಇತ್ತು. ಆ ಹುಡುಗಿಯರನ್ನು ಬೈದು ಏನು ಪ್ರಯೋಜನ? ಬರೆದದ್ದನ್ನು ಅವರು ಪಾಲಿಸಿದರು.

ಈ ಕಾಯಿಲೆಯಲ್ಲಿ ಎದ್ದು ನಿಂತ ಕೂಡಲೇ ರಕ್ತದೊತ್ತಡ ಇಳಿಯುವುದು ಸಾಮಾನ್ಯ. ಲೆವೊಡೋಪಾ ಅದನ್ನು ಇನ್ನಷ್ಟು ಇಳಿಸಬಹುದು. ಹಾಸಿಗೆಯಿಂದ ಎಬ್ಬಿಸಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಹಿಡಿದು ನಿಲ್ಲಿಸಬೇಕು. ಇದು ಎಲ್ಲೂ ಬರೆದಿರಲಿಲ್ಲ. ಮಾವ ಬೆಳಿಗ್ಗೆ ಒಬ್ಬರೇ ಬಾತ್‌ರೂಮಿಗೆ ಹೊರಟು ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ.

ಮಾತ್ರೆಯದ್ದು ಇನ್ನೊಂದು ಕಥೆ. ಲೆವೊಡೋಪಾ ಹೊತ್ತಿಗೆ ಸರಿಯಾಗಿ ಬೀಳಬೇಕು. ತಡವಾದರೆ ಮಾವನ ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತದೆ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ನುಂಗಿದರೆ ಕೆಲವರಿಗೆ ಅದು ಸರಿಯಾಗಿ ಹತ್ತುವುದೂ ಇಲ್ಲ. ಅಲ್ಲಿ ಎಲ್ಲರಿಗೂ ಮಾತ್ರೆ ಹಂಚುವ ಗಾಡಿ ಬಂದಾಗಲೇ ಇವರಿಗೂ ಕೊಡುತ್ತಿದ್ದರು, ಅದೂ ತಿಂಡಿಯ ತಟ್ಟೆ ಮುಂದಿರುವಾಗ.

ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ: ಹೊಸ ಮಾತ್ರೆಯಿಂದ ವಾಕರಿಕೆ ಬಂತು. ರಾತ್ರಿ ಪಾಳಿಯ ನರ್ಸ್ ಫೋನ್ ಮಾಡಿದಾಗ ಆನ್-ಕಾಲ್ ಡಾಕ್ಟರು ಮೆಟೊಕ್ಲೋಪ್ರಮೈಡ್ ಬರೆಸಿದರು. ಪಾರ್ಕಿನ್ಸನ್‌ನಲ್ಲಿ ಕೊರತೆಯಾಗುವುದೇ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ. ವಾಂತಿ ತಡೆಯಲು ಕೊಡುವ ಈ ಮಾತ್ರೆ ಮೆದುಳಿನಲ್ಲಿ ಅದೇ ಡೋಪಮಿನ್ ಕೆಲಸ ಮಾಡದಂತೆ ತಡೆಯುತ್ತದೆ. ಪಾರ್ಕಿನ್ಸನ್ ಇರುವವರಿಗೆ ಇದನ್ನು ಕೊಡಬಾರದು, ಮಾನಸಿಕ ಕಾಯಿಲೆಗೆ ಕೊಡುವ ಹಾಲೊಪೆರಿಡಾಲ್ ಕೂಡ ಅಷ್ಟೇ. ಮಾವ ಮರಗಟ್ಟಿದರು, ಮಾತು ತೊದಲಿತು. ‘ವಯಸ್ಸಾಯಿತಲ್ಲ, ಕಾಯಿಲೆ ಏರುತ್ತಿದೆ’ ಎಂದರು ನರ್ಸಿಂಗ್ ಹೋಮಿನವರು. ಮುಂದಿನ ಅಪಾಯಿಂಟ್‌ಮೆಂಟಿನಲ್ಲಿ ಪಟ್ಟಿ ನೋಡಿ ಹೌಹಾರಿದವರು ನ್ಯೂರಾಲಜಿಸ್ಟ್. ಆ ಮಾತ್ರೆ ನಿಲ್ಲಿಸಿದ ಮೇಲೆ ಮೆಲ್ಲಗೆ ಮೊದಲಿನ ಸ್ಥಿತಿಗೆ ಬಂದರು.

ಕೇರ್ ಪ್ಲಾನ್ ಯಾಕೆ ಬದಲಿಸಲಿಲ್ಲ ಎಂದು ಕೇಳಿದರೆ ಸಿಕ್ಕ ಉತ್ತರ: ‘ಡಯಾಗ್ನೋಸಿಸ್ ಸೇರಿದೆ ಅಷ್ಟೇ, ಮೂರು ತಿಂಗಳ ರಿವ್ಯೂ ಬರಲಿ.’ ಇದನ್ನು ಕೇಳಿ ವಾಪಸ್ ಬರಬೇಡಿ. ಹೊಸ ಡಯಾಗ್ನೋಸಿಸ್ ಬಂದ ಮಾತ್ರಕ್ಕೆ ಸ್ಥಿತಿಯನ್ನೆಲ್ಲ ಮತ್ತೆ ಅಳೆಯುವ ಪೂರ್ತಿ ಹೊಸ ಅಸೆಸ್‌ಮೆಂಟ್ ಕಡ್ಡಾಯವಲ್ಲ ಎನ್ನುವುದು ನಿಜ. ಆದರೆ ಸ್ಥಿತಿ ತಾನಾಗಿ ಸರಿಹೋಗದಷ್ಟು ಇಳಿದು, ಒಂದಕ್ಕಿಂತ ಹೆಚ್ಚು ವಿಷಯಗಳಲ್ಲಿ ಬದಲಾವಣೆ ಕಂಡರೆ ಅದು ‘ಸಿಗ್ನಿಫಿಕೆಂಟ್ ಚೇಂಜ್’. ಹಾಗೆಂದು ಗೊತ್ತಾದ 14 ದಿನದೊಳಗೆ ಸಮಗ್ರ ಅಸೆಸ್‌ಮೆಂಟ್ ಆಗಬೇಕು, ಅದು ಮುಗಿದ 7 ದಿನದೊಳಗೆ ಕೇರ್ ಪ್ಲಾನ್ ಸಿದ್ಧವಾಗಬೇಕು. ಇದು ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಹಣ ಪಡೆಯುವ ನರ್ಸಿಂಗ್ ಹೋಮುಗಳಿಗೆಲ್ಲ ಅನ್ವಯಿಸುವ ಫೆಡರಲ್ ನಿಯಮ. ಇದರ ಬೇರು 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾಯ್ದೆಯಲ್ಲಿದೆ. ನಡಿಗೆ, ನುಂಗುವುದು, ಮಾತು ಮೂರೂ ಕೆಟ್ಟ ಮೇಲೂ ರಿವ್ಯೂ ಕಾಯಿರಿ ಎನ್ನುವುದು ಯಾವ ಲೆಕ್ಕ?

ಇನ್ನೊಂದು ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಕೇರ್ ಪ್ಲಾನ್ ಮೀಟಿಂಗ್ ಬೇಕೆಂದು, ಪ್ಲಾನ್ ಬದಲಿಸಿ ಎಂದು ಕೇಳುವುದು ನರ್ಸಿಂಗ್ ಹೋಮಿನಲ್ಲಿ ಇರುವವರ ಹಕ್ಕು. ಅವರ ಪರವಾಗಿ ಅಧಿಕೃತ ಪ್ರತಿನಿಧಿಯೂ ಕೇಳಬಹುದು. ರೆಕಾರ್ಡ್ ನೋಡಬೇಕೆಂದರೆ ವಾರಾಂತ್ಯ, ರಜೆ ಬಿಟ್ಟು 24 ಗಂಟೆಯೊಳಗೆ ತೋರಿಸಬೇಕು. ಪ್ರತಿ ಬೇಕೆಂದರೆ ಕೆಲಸದ 2 ದಿನಗಳ ಮುಂಚೆ ತಿಳಿಸಬೇಕು. ಬಾಯಲ್ಲಿ ಕೇಳಿದ್ದನ್ನು ಇಮೇಲಿನಲ್ಲೂ ಹಾಕಿ. ನಮ್ಮವರು ಇಮೇಲ್ ಹಾಕಿದ ಮೇಲೆಯೇ ಮೀಟಿಂಗಿನ ತಾರೀಖು ಬಂದದ್ದು.

ಮೀಟಿಂಗಿಗೆ ಹೋದರೆ ‘ಪಾರ್ಕಿನ್ಸನ್ ಸೇರಿಸಿದ್ದೇವೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಕಾಯಿಲೆ ಹೆಸರಿನ ಕೆಳಗೆ ಏನಿದೆ ನೋಡಿ. ಮಾತ್ರೆ ಎಷ್ಟು ಗಂಟೆಗೆ, ಊಟಕ್ಕೆ ಎಷ್ಟು ಮುಂಚೆ, ಎಬ್ಬಿಸುವಾಗ ಎಷ್ಟು ಜನ ಬೇಕು, ನಿಂತಾಗಿನ ಬಿಪಿ ಯಾರು ನೋಡುತ್ತಾರೆ, ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ಪರೀಕ್ಷಿಸಿದರೇ, ಕೊಡಬಾರದ ಔಷಧಿಗಳ ಹೆಸರು ಇದೆಯೇ ಎಂದು ಕೇಳಿ. ಮಾವನ ಹೊಸ ಪ್ಲಾನಿನ ಮೊದಲ ಪ್ರತಿಯಲ್ಲಿ ‘ಬೀಳದಂತೆ ಎಚ್ಚರ ವಹಿಸುವುದು’ ಎಂದಷ್ಟೇ ಇತ್ತು. ಎಚ್ಚರ ಯಾರು, ಹೇಗೆ ವಹಿಸುತ್ತಾರೆ ಎಂದು ಕೇಳಿ ಮತ್ತೆ ಬರೆಸಿದೆವು. ಆಮೇಲೆ ಏಯ್ಡ್ ಕೈಯಲ್ಲಿರುವ ಹಾಳೆಯೂ ಬದಲಾಗಿದೆಯೇ ನೋಡಿ, ಪ್ಲಾನ್ ತಿದ್ದಿದ ಮೇಲೂ ನಮ್ಮಲ್ಲಿ ಅದು ಹಳೆಯದೇ ಇತ್ತು.

ಕೇಳಿದರೂ ಕಿವಿಗೆ ಹಾಕಿಕೊಳ್ಳದಿದ್ದರೆ ಪ್ರತಿ ರಾಜ್ಯದಲ್ಲೂ ಇಂಥ ದೂರುಗಳನ್ನು ನೋಡಿಕೊಳ್ಳುವ ಲಾಂಗ್ ಟರ್ಮ್ ಕೇರ್ ಓಂಬುಡ್ಸ್‌ಮನ್ ಇದ್ದಾರೆ, ಸೇವೆ ಉಚಿತ. ಅವರ ಫೋನ್ ನಂಬರ್ ನರ್ಸಿಂಗ್ ಹೋಮಿನ ಗೋಡೆಯ ಮೇಲೇ ಹಾಕಿರಬೇಕು. ಮುಂದಿನ ಸಲ ಹೋದಾಗ ಫೋಟೋ ತೆಗೆದಿಟ್ಟುಕೊಳ್ಳಿ.