ಎಂ.ಎಸ್. ಮಾಧ್ಯಮದ ಸಿದ್ಧ ಪುಡಿ: ಎರಡು ವರ್ಷ ಬಳಸಿದ ಮೇಲೆ

ಗಿಡದ ತುಣುಕುಗಳನ್ನು ತಟ್ಟೆಯಲ್ಲಿ ಬೆಳೆಸುವ ಅಂಗಾಂಶ ಕೃಷಿಯ ಪ್ರಯೋಗಾಲಯಗಳಲ್ಲಿ, ಆ ತುಣುಕುಗಳಿಗೆ ಆಹಾರವಾಗುವ, ಎಂ.ಎಸ್. ಎಂದೇ ಕರೆಯುವ ಮುರಾಶಿಗೆ–ಸ್ಕೂಗ್ ಮಾಧ್ಯಮವನ್ನು ನಾವು ಬಹಳ ಕಾಲ ಕೈಯಾರೆ ತಯಾರಿಸುತ್ತಿದ್ದೆವು. ಲವಣಗಳನ್ನು ಒಂದೊಂದಾಗಿ ತೂಗಿ, ನಾಲ್ಕೈದು ಸ್ಟಾಕ್ (ಸಾಂದ್ರ) ದ್ರಾವಣಗಳನ್ನಾಗಿ ಮಾಡಿ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಅಳೆದು ಬೆರೆಸುವುದು ರೂಢಿಯಾಗಿತ್ತು. ಎರಡು ವರ್ಷಗಳಿಂದ ಅದನ್ನು ಬಿಟ್ಟು, ಲವಣಗಳೂ ವಿಟಮಿನ್‌ಗಳೂ ಸೇರಿಯೇ ಬರುವ ಸಿದ್ಧ ಪುಡಿಯನ್ನು ಬಳಸುತ್ತಿದ್ದೇವೆ. ನಮ್ಮದು ಸಸಿ ಬೆಳೆಸಿ ಮಾರುವ ಘಟಕವಲ್ಲ. ಕ್ಯಾಲಸ್‌ನಿಂದ (ಇನ್ನೂ ರೂಪ ತಳೆಯದ ಜೀವಕೋಶಗಳ ಗಡ್ಡೆಯಿಂದ) ಚಿಗುರೊಡೆಯುವ ಸಾಮರ್ಥ್ಯವು ಭತ್ತದ ಒಂದು ತಳಿಯಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಿಮೆಯಾಗಿಯೂ ಇರುವುದಕ್ಕೆ ವಂಶವಾಹಿಗಳ ಪಾಲೆಷ್ಟು ಎಂಬುದನ್ನು ಹುಡುಕುವುದು ನಮ್ಮ ಕೆಲಸ. ಈ ವಿಮರ್ಶೆಯಲ್ಲಿ ಪುಡಿಯನ್ನು ಆ ಕೆಲಸಕ್ಕೆ ಒದಗುವಷ್ಟರ ಮಟ್ಟಿಗೇ ತೂಗಿ ನೋಡಿದ್ದೇನೆ.

ಬಳಕೆಯ ಮಟ್ಟಿಗೆ ತಕರಾರಿಲ್ಲ. ಲೀಟರಿಗೆ ಸುಮಾರು 4.4 ಗ್ರಾಂ ಪುಡಿಯನ್ನು ಬಟ್ಟಿ ಇಳಿಸಿದ ನೀರಿಗೆ ಹಾಕಿ ಕದಡಿದರೆ ಕೆಲವೇ ನಿಮಿಷಗಳಲ್ಲಿ ಕರಗಿ ತಿಳಿಯಾಗುತ್ತದೆ. ಆ ಮೇಲೆ 30 ಗ್ರಾಂ ಸಕ್ಕರೆ, ಪ್ರಯೋಗಕ್ಕೆ ತಕ್ಕ ಹಾರ್ಮೋನುಗಳು, ಪಿಎಚ್ 5.8ಕ್ಕೆ ಹೊಂದಿಕೆ, ಗಟ್ಟಿಯಾಗಿಸಲು ಅಗರ್, ಸೂಕ್ಷ್ಮಜೀವಿಗಳನ್ನು ಕೊಲ್ಲಲು 121 ಡಿಗ್ರಿಯ ಆಟೋಕ್ಲೇವ್, ಇವೆಲ್ಲ ಹಳೆಯ ಕ್ರಮದಂತೆಯೇ.

ಸಮಯ ಉಳಿಯುತ್ತದೆ ಎಂಬುದನ್ನು ಎಲ್ಲ ಮಾರಾಟಗಾರರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನನಗೆ ಈ ಪುಡಿ ಹಿಡಿಸಿದ್ದು ಬೇರೆ ಕಾರಣಕ್ಕೆ. ಎಂ.ಎಸ್. ಸೂತ್ರದ ಪ್ರಕಾರ ಒಂದು ಲೀಟರಿನಲ್ಲಿ ಇರಬೇಕಾದ ತಾಮ್ರದ ಸಲ್ಫೇಟ್ 0.025 ಮಿಲಿಗ್ರಾಂ, ಕೋಬಾಲ್ಟ್ ಕ್ಲೋರೈಡ್ ಕೂಡ ಅಷ್ಟೇ. ಇಷ್ಟನ್ನು ಪ್ರಯೋಗಾಲಯದ ಸಾಮಾನ್ಯ ತಕ್ಕಡಿಯಲ್ಲಿ ನೇರವಾಗಿ ತೂಗಲಾಗದು. ನೂರಾರು ಪಟ್ಟು ಸಾಂದ್ರವಾದ ದ್ರಾವಣ ಮಾಡಿಟ್ಟುಕೊಳ್ಳಬೇಕು. ಆ ದಿನ ತೂಗಿದವರ ಕೈ ಸ್ವಲ್ಪ ತಪ್ಪಿದರೆ, ಆ ಬಾಟಲಿ ಮುಗಿಯುವವರೆಗೂ ತಪ್ಪು ತಿಂಗಳುಗಟ್ಟಲೆ ಎಲ್ಲ ತಟ್ಟೆಗಳಿಗೂ ಹರಿಯುತ್ತದೆ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಸಾಂದ್ರವಾಗಿ ಒಂದೇ ಬಾಟಲಿಗೆ ಹಾಕಿದರೆ ಬಿಳಿಯ ಗಸಿಯಾದರೂ ತಳದಲ್ಲಿ ಕೂತು ಎಚ್ಚರಿಸುತ್ತದೆ. ತಾಮ್ರದ ತಪ್ಪಿಗೆ ಅಂಥ ಸೌಜನ್ಯವಿಲ್ಲ.

ತಳಿ ಸಂಶೋಧನೆಗೆ ಇದು ಸಣ್ಣ ಮಾತಲ್ಲ. ಎರಡು ತಳಿಗಳ ಸಂಕರದಿಂದ ಬಂದ ನೂರಾರು ಸಾಲುಗಳನ್ನು (ಸಂತತಿಗಳನ್ನು) ಒಂದೇ ವಾರದಲ್ಲಿ ತಟ್ಟೆಗೆ ಏರಿಸಲು ಯಾರಿಗೂ ಸಾಧ್ಯವಿಲ್ಲ, ಕೆಲಸ ತಿಂಗಳುಗಳವರೆಗೆ ಹರಡುತ್ತದೆ. ಮೊದಲ ತಂಡಕ್ಕೂ ಕೊನೆಯ ತಂಡಕ್ಕೂ ಮಾಧ್ಯಮ ಬೇರೆಯಾಗಿಬಿಟ್ಟರೆ, ವಂಶವಾಹಿಯ ವ್ಯತ್ಯಾಸವೆಂದು ನಾವು ಬರೆದುಕೊಂಡದ್ದು ಲವಣದ ವ್ಯತ್ಯಾಸವಾಗಿರಬಹುದು. ಜಪಾನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಕೆಲಸವನ್ನು ಇಲ್ಲಿ ನೆನೆಯಬೇಕು. ಕೊಶಿಹಿಕಾರಿ ಎಂಬ ಭತ್ತದ ತಳಿಯ ಕ್ಯಾಲಸ್‌ನಲ್ಲಿ ಚಿಗುರು ಸುಲಭವಾಗಿ ಬರುವುದಿಲ್ಲ, ಕಸಲಾತ್ ಎಂಬುದರಲ್ಲಿ ಚೆನ್ನಾಗಿ ಬರುತ್ತದೆ. ಅದರ ಬೆನ್ನು ಹತ್ತಿ ಹೋದವರಿಗೆ ಸಿಕ್ಕಿದ್ದು ನೈಟ್ರೈಟ್ ರಿಡಕ್ಟೇಸ್ ಎಂಬ ಕಿಣ್ವದ ವಂಶವಾಹಿ. ಗಿಡವು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಮೋನಿಯಂ ಆಗಿ ಬದಲಿಸಿಕೊಳ್ಳುತ್ತದೆ. ಎರಡನೆಯ ಹೆಜ್ಜೆಯ ಕಿಣ್ವ ದುರ್ಬಲವಾಗಿದ್ದರೆ ವಿಷಕಾರಿ ನೈಟ್ರೈಟ್ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಎಂ.ಎಸ್.ನಲ್ಲಿರುವ ಸಾರಜನಕದ ಮೂರರಲ್ಲಿ ಎರಡು ಪಾಲು ನೈಟ್ರೇಟ್ ರೂಪದ್ದೇ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಮಾಧ್ಯಮವೂ ತಳಿಯೂ ಎಷ್ಟು ಹೆಣೆದುಕೊಂಡಿವೆ ಎಂಬುದು ತಿಳಿಯುತ್ತದೆ. ಇಂಥ ವಂಶವಾಹಿಯನ್ನು ಹುಡುಕುವವರ ತಟ್ಟೆಯಲ್ಲಿ ನೈಟ್ರೇಟ್ ಪ್ರಮಾಣ ತಿಂಗಳಿಗೊಂದು ರೀತಿ ಇರಬಾರದು. ಸಿದ್ಧ ಪುಡಿ ಆ ಭರವಸೆಯನ್ನು ಬಹುಮಟ್ಟಿಗೆ ಕೊಡುತ್ತದೆ.

ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ. ಈ ಪುಡಿ ಗಾಳಿಯ ತೇವವನ್ನು ಬಹಳ ಬೇಗ ಹೀರುತ್ತದೆ. ಮೊದಲ ಸಲ ನಾವು 50 ಲೀಟರಿಗಾಗುವ ದೊಡ್ಡ ಬಾಟಲಿ ತರಿಸಿ, ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಾಗಲೇ ಮುಚ್ಚಳ ಬಿಚ್ಚುತ್ತಿದ್ದೆವು. ಎರಡನೆಯ ತಿಂಗಳಿಗೆ ಪುಡಿ ಅಂಚಿನಲ್ಲಿ ಗಂಟುಕಟ್ಟಿತು, ಮೂರನೆಯ ತಿಂಗಳಿಗೆ ಚಮಚದಿಂದ ಕುಟ್ಟಿ ತೆಗೆಯಬೇಕಾಯಿತು. ತೇವ ಕುಡಿದ ಪುಡಿಯ 4.4 ಗ್ರಾಂನಲ್ಲಿ ನೀರಿನ ತೂಕವೂ ಸೇರಿರುತ್ತದೆ, ಗಂಟಿನಲ್ಲಿರುವ ಲವಣಗಳ ಅನುಪಾತ ಸಡಿಲ ಪುಡಿಯಲ್ಲಿರುವಂತೆ ಇರುತ್ತದೆಂಬ ಖಾತ್ರಿಯೂ ಇಲ್ಲ. ಆ ಬಾಟಲಿಯ ಕೊನೆಯ ಭಾಗದಲ್ಲಿ ಮಾಡಿದ ತಟ್ಟೆಗಳ ಲೆಕ್ಕವನ್ನು ನಾವು ಪ್ರಯೋಗದಿಂದಲೇ ಕೈಬಿಟ್ಟೆವು. ತಪ್ಪಿನಲ್ಲಿ ನಮ್ಮದೂ ಪಾಲಿದೆ. ಆದರೆ ಬಾಟಲಿ ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ತೆರೆಯಬೇಕೆಂಬ ಒಂದು ಸಾಲನ್ನು ತಯಾರಕರು ಬಾಟಲಿಯ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರೆ ನಷ್ಟವಾಗುತ್ತಿರಲಿಲ್ಲ.

ಚೀಟಿಯ ವಿಷಯದಲ್ಲಿ ಇನ್ನೊಂದು ಮಾತು. ಅದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಲೀಟರಿಗೆ 332.2 ಮಿಲಿಗ್ರಾಂ ಎಂದಿದೆ, 1962ರ ಮೂಲ ಸೂತ್ರದಲ್ಲಿ 440 ಇದೆ. ನಮ್ಮ ವಿದ್ಯಾರ್ಥಿಯೊಬ್ಬರು ಇದನ್ನು ಕಂಡು, ಪುಡಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಿದೆಯೆಂದು ಗಾಬರಿಯಾಗಿ ಮೇಲಿನಿಂದ ಸೇರಿಸಲು ಹೊರಟಿದ್ದರು. ಮೂಲದಲ್ಲಿರುವುದು ಎರಡು ನೀರಿನ ಅಣುಗಳನ್ನು ಹೊತ್ತ ಲವಣ, ಪುಡಿಯಲ್ಲಿರುವುದು ನೀರಿಲ್ಲದ್ದು. ಕ್ಯಾಲ್ಸಿಯಂ ಮಾತ್ರ ಎರಡರಲ್ಲೂ ಒಂದೇ. ಮೆಗ್ನೀಸಿಯಂ ಸಲ್ಫೇಟಿನ ಅಂಕಿಯೂ ಇದೇ ಕಾರಣಕ್ಕೆ 370ರ ಬದಲು 180.7 ಎಂದಿರುತ್ತದೆ. ‘ನಿರ್ಜಲ’ ಎಂಬ ಪದ ಚೀಟಿಯಲ್ಲಿದೆ, ಭೂತಗನ್ನಡಿ ಹಿಡಿದರೆ ಕಾಣುತ್ತದೆ.

ನಿಜವಾದ ಕೊರತೆ ಎಂದರೆ ಪುಡಿ ತನ್ನ ಸೂತ್ರವನ್ನು ಬೀಗ ಹಾಕಿಕೊಂಡೇ ಬರುತ್ತದೆ. ಮುರಾಶಿಗೆ ಮತ್ತು ಸ್ಕೂಗ್ ಈ ಸೂತ್ರವನ್ನು ರೂಪಿಸಿದ್ದು ತಂಬಾಕಿನ ಕ್ಯಾಲಸ್‌ಗಾಗಿ. ತಂಬಾಕಿನ ಎಲೆಯ ಸಾರವನ್ನು ಸೇರಿಸಿದಾಗ ಬೆಳವಣಿಗೆ ಹೆಚ್ಚುತ್ತಿದ್ದುದಕ್ಕೆ ಮುಖ್ಯ ಕಾರಣ ಅದರಲ್ಲಿದ್ದ ಖನಿಜ ಲವಣಗಳೇ ಎಂಬುದು ಅವರಿಗೆ ತಿಳಿದಿತ್ತು. ತಂಬಾಕಿಗೆ ಒಪ್ಪಿದ್ದು ಏಕದಳ ಧಾನ್ಯಗಳಿಗೆಲ್ಲ ಒಪ್ಪಬೇಕೆಂದಿಲ್ಲ. ಭತ್ತದ ಪರಾಗಕೋಶ ಕೃಷಿಗೆಂದು 1975ರಲ್ಲಿ ಬಂದ ಎನ್6 ಮಾಧ್ಯಮದಲ್ಲಿ ಅಮೋನಿಯಂ ಬಹಳ ಕಡಿಮೆ. ಬಾರ್ಲಿ, ಗೋಧಿಗಳಲ್ಲಿ ತಾಮ್ರವನ್ನು ಎಂ.ಎಸ್. ಪ್ರಮಾಣಕ್ಕಿಂತ ಹಲವು ಪಟ್ಟು ಹೆಚ್ಚಿಸಿದಾಗ ಚಿಗುರು ಹೆಚ್ಚಿದ ಉದಾಹರಣೆಗಳಿವೆ. ತಾಮ್ರವನ್ನು ಪುಡಿಗೆ ಮೇಲಿನಿಂದ ಸೇರಿಸಬಹುದು, ಅಮೋನಿಯಂ ನೈಟ್ರೇಟನ್ನು ಒಳಗಿನಿಂದ ತೆಗೆಯಲಾಗದು. ಹಟಮಾರಿ ತಳಿಯೊಂದಕ್ಕೆ ಮಾಧ್ಯಮವನ್ನೇ ತಿದ್ದಿ ನೋಡಬೇಕಾದವರು ಇದನ್ನು ಕೊಂಡರೆ ಕೈ ಕಟ್ಟಿಹಾಕಿಕೊಂಡಂತೆ. ಸಾರಜನಕವಿಲ್ಲದ ಪುಡಿಯೂ ಸಿಗುತ್ತದೆ, ಅಂಥವರು ಅದನ್ನು ತರಿಸಿಕೊಳ್ಳುವುದು ಒಳ್ಳೆಯದು.

ನಾವೀಗ ದೊಡ್ಡ ಬಾಟಲಿ ಬಿಟ್ಟು ಒಂದು ಲೀಟರಿನ ಪೊಟ್ಟಣಗಳನ್ನಷ್ಟೇ ಕೊಳ್ಳುತ್ತೇವೆ. ಒಡೆದದ್ದನ್ನು ಆಗಲೇ ಪೂರ್ತಿ ಬಳಸುತ್ತೇವೆ, ಸಾಲುಗಳ ಹೋಲಿಕೆಗೆ ಬೇಕಾದಷ್ಟನ್ನೂ ಒಂದೇ ಬ್ಯಾಚ್ ಸಂಖ್ಯೆಯದಾಗಿ ಮೊದಲೇ ಕೇಳಿ ತರಿಸುತ್ತೇವೆ. ಹಳೆಯ ಸ್ಟಾಕ್ ದ್ರಾವಣಗಳ ಕಪಾಟನ್ನು ಮಾತ್ರ ಖಾಲಿ ಮಾಡಿಲ್ಲ. ಚಿಗುರೊಡೆಯಲು ಒಪ್ಪದ ಎರಡು ತಳಿಗಳು ಇನ್ನೂ ಬಾಕಿಯಿವೆ, ಅವುಗಳ ಮಾಧ್ಯಮವನ್ನು ಈಗಲೂ ಕೈಯಲ್ಲೇ ತೂಗುತ್ತಿದ್ದೇವೆ.